428 ಸಲ ಪಕ್ಷದ ಮಾತು ಮೀರಿದ ಸಂಸದ

ಬ್ರಿಟನ್ನಿನ ಸಂಸದ ಜೆರೆಮಿ ಕಾರ್ಬಿನ್ ಬಗ್ಗೆ ಯಾರೇ ಮಾತು ತೆಗೆದರೂ ಒಂದು ಲೆಕ್ಕ ಬಂದೇ ಬರುತ್ತದೆ. 1997ರಿಂದ 2010ರವರೆಗೆ ಅವರ ಲೇಬರ್ ಪಕ್ಷವೇ ಅಧಿಕಾರದಲ್ಲಿತ್ತು. ಆ 13 ವರ್ಷಗಳಲ್ಲಿ ಅವರು 428 ಸಲ ಪಕ್ಷದ ವಿಪ್, ಅಂದರೆ ಹೀಗೇ ಓಟು ಹಾಕಿ ಅನ್ನುವ ಸೂಚನೆ, ಮೀರಿ ಓಟು ಹಾಕಿದರು. ಅಭಿಮಾನಿಗಳಿಗೆ ಇದು ತತ್ವನಿಷ್ಠೆ. ಆಗದವರಿಗೆ ಪಕ್ಷದ್ರೋಹ. ನನಗೆ ಎರಡೂ ಅವಸರದ ತೀರ್ಪು ಅನ್ನಿಸುತ್ತದೆ. ಯಾವ ಓಟು, ಆಗ ಸರ್ಕಾರದ ಬಲ ಎಷ್ಟಿತ್ತು, ಆಮೇಲೆ ಪಕ್ಷ ಏನು ಮಾಡಿತು ಅಂತ ನೋಡದೆ ಬರೀ ಲೆಕ್ಕ ಹಿಡಿದು ಕೂತರೆ ಏನೂ ತಿಳಿಯುವುದಿಲ್ಲ.

ಅಲ್ಲಿ ಓಟು ಹಾಕುವ ರೀತಿಯೇ ಬೇರೆ. ಗಂಟೆ ಬಾರಿಸುತ್ತದೆ. ಎಂಟು ನಿಮಿಷದೊಳಗೆ ಸಂಸದರು ಸದನದ ಪಕ್ಕದ ‘ಹೌದು’ ಅಥವಾ ‘ಇಲ್ಲ’ ಲಾಬಿಯ (ಓಣಿಯ) ಕಡೆ ನಡೆದು ಹೋಗಬೇಕು. ಯಾರು ಯಾವ ಕಡೆ ಹೋದರು ಅನ್ನುವುದು ಹೆಸರು ಸಮೇತ ದಾಖಲಾಗುತ್ತದೆ, ಯಾರು ಬೇಕಾದರೂ ನೋಡಬಹುದು. ತುಂಬಾ ಮುಖ್ಯವಾದ ಓಟಾದರೆ ಪಕ್ಷದ ಸೂಚನೆಯ ಕೆಳಗೆ ಮೂರು ಗೆರೆ ಎಳೆದಿರುತ್ತಾರೆ. ಅದನ್ನು ಮೀರಿದರೆ ಪಕ್ಷ ‘ವಿಪ್ ಕಿತ್ತುಕೊಳ್ಳಬಹುದು’. ಅಂದರೆ ಸಂಸದೀಯ ಪಕ್ಷದಿಂದ ಹೊರಗೆ. ಆದರೆ ಸೀಟು ಹೋಗುವುದಿಲ್ಲ.

ಆಗಿನ ಲೇಬರ್ ಪ್ರಧಾನಿ ಟೋನಿ ಬ್ಲೇರ್ ಕಾರ್ಬಿನ್‌ರ ವಿಪ್ ಒಂದು ಸಲವೂ ಕಿತ್ತುಕೊಳ್ಳಲಿಲ್ಲ. ದೊಡ್ಡ ಮನಸ್ಸು ಅಂತ ನಾನು ಹೇಳಲಾರೆ. 1997ರಲ್ಲಿ ಬ್ಲೇರ್‌ಗೆ ಸಿಕ್ಕಿದ್ದು 179 ಸೀಟುಗಳ ಬಹುಮತ. ಮದುವೆ ಮನೆಯಲ್ಲಿ ಗೊಣಗುವ ಚಿಕ್ಕಪ್ಪನನ್ನು ಯಾರೂ ಹೊರಗೆ ಹಾಕುವುದಿಲ್ಲ, ಊಟ ಹೇಗೂ ನಡೆಯುತ್ತದೆ. ಅದೇ ವರ್ಷ ಒಂಟಿ ಪೋಷಕರ ಭತ್ಯೆ ಕಡಿತವಾದಾಗ 47 ಲೇಬರ್ ಸಂಸದರು ಎದುರು ಓಟು ಹಾಕಿದರು. ಸರ್ಕಾರ ಅಲುಗಾಡಲಿಲ್ಲ. 2003ರ ಮಾರ್ಚ್ 18ರಂದು ಇರಾಕ್ ಯುದ್ಧದ ಓಟು. ಅವತ್ತು 139 ಲೇಬರ್ ಸಂಸದರು ಬಂಡೆದ್ದರು. ಆದರೂ ಕನ್ಸರ್ವೇಟಿವ್ ಪಕ್ಷದ ಬೆಂಬಲದಿಂದ ಯುದ್ಧಕ್ಕೆ ಒಪ್ಪಿಗೆ ಸಿಕ್ಕಿತು. ಆ ಓಟಿನಲ್ಲಿ ಬಂಡಾಯಗಾರರೇ ಸರಿ ಅಂತ ಇವತ್ತು ಒಪ್ಪದವರು ಕಡಿಮೆ. ಅವರಲ್ಲಿ ಕಾರ್ಬಿನ್ ಒಬ್ಬರು, ಅಷ್ಟೇ.

ಅವರ ಓಟಿಗೆ ನಿಜವಾದ ತೂಕ ಬಂದದ್ದು 2005ರಲ್ಲಿ, ಬಹುಮತ ಇಳಿದ ಮೇಲೆ. ಭಯೋತ್ಪಾದನೆಯ ಶಂಕಿತರನ್ನು ಆರೋಪಪಟ್ಟಿ ಇಲ್ಲದೆ 90 ದಿನ ಕೂಡಿಡುವ ಅಧಿಕಾರ ಪೊಲೀಸರಿಗೆ ಬೇಕು ಅಂತ ಬ್ಲೇರ್ ಪಟ್ಟು ಹಿಡಿದರು. ನವೆಂಬರ್ 9ರಂದು 322–291ರಿಂದ ಸೋತರು. ಪ್ರಧಾನಿಯಾದ ಮೇಲೆ ಸಂಸತ್ತಿನ ಕೆಳಮನೆಯಾದ ಕಾಮನ್ಸ್‌ನಲ್ಲಿ ಅವರಿಗೆ ಅದೇ ಮೊದಲ ಸೋಲು. ಸೋಲಿಸಿದವರಲ್ಲಿ 49 ಜನ ಅವರದೇ ಪಕ್ಷದವರು. 428ರಲ್ಲಿ ಇಂಥ ಒಂದು ಓಟು ನನಗೆ ಉಳಿದ ನೂರಕ್ಕಿಂತ ಜಾಸ್ತಿ.

2015ರಲ್ಲಿ ಅದೇ ಕಾರ್ಬಿನ್ ಪಕ್ಷದ ನಾಯಕರಾದರು. ತಮಾಷೆ ಶುರುವಾದದ್ದು ಅಲ್ಲಿ. 2017ರ ಫೆಬ್ರವರಿಯಲ್ಲಿ ಬ್ರೆಕ್ಸಿಟ್, ಅಂದರೆ ಯುರೋಪ್ ಒಕ್ಕೂಟದಿಂದ ಹೊರಬರುವ ಪ್ರಕ್ರಿಯೆ ಆರಂಭಿಸುವ ಮಸೂದೆಗೆ ಅವರು ಮೂರು ಗೆರೆಯ ವಿಪ್ ಹೊರಡಿಸಿದರು. 47 ಲೇಬರ್ ಸಂಸದರು ಮೀರಿದರು. ಮುಂದಿನ ವಾರ ಅದು 52 ಆಯಿತು. ಜೀವಮಾನವಿಡೀ ವಿಪ್ ಮುರಿದವರು ಯಾವ ಬಾಯಲ್ಲಿ ‘ನನ್ನ ಮಾತು ಕೇಳಿ’ ಅನ್ನಬೇಕು? 2015ರ ಡಿಸೆಂಬರ್‌ನಲ್ಲಿ ಸಿರಿಯಾ ಮೇಲಿನ ಬಾಂಬ್ ದಾಳಿಯ ಓಟು ಬಂದಾಗ ಮಾತ್ರ ಅವರು ವಿಪ್ ಕೊಡದೆ ಸದಸ್ಯರನ್ನು ಅವರವರ ಮನಸ್ಸಿಗೆ ಬಿಟ್ಟಿದ್ದರು. 66 ಜನ ಸರ್ಕಾರದ ಪರ ಹೋದರು. ನಾಯಕತ್ವ ಬಾರದವರು ಅಂತ ಪತ್ರಿಕೆಗಳು ಆಡಿಕೊಂಡವು. ನನಗೇನೋ ಅವರು ತಮ್ಮ ಹಳೆಯ ದಾಖಲೆಗೆ ಪ್ರಾಮಾಣಿಕವಾಗಿದ್ದ ದಿನ ಅದೇ ಅನ್ನಿಸುತ್ತದೆ.

ಇನ್ನೊಂದು ಪಕ್ಷದ ಕಥೆಯೂ ಕೇಳಿ. 2019ರ ಜನವರಿಯಲ್ಲಿ ಆಗಿನ ಕನ್ಸರ್ವೇಟಿವ್ ಪ್ರಧಾನಿ ಥೆರೆಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದ 432–202ರಿಂದ ಬಿತ್ತು. ಎದುರು ಓಟು ಹಾಕಿದ 118 ಕನ್ಸರ್ವೇಟಿವ್ ಸಂಸದರಲ್ಲಿ ಬೋರಿಸ್ ಜಾನ್ಸನ್ ಒಬ್ಬರು. ಸೆಪ್ಟೆಂಬರ್ ಹೊತ್ತಿಗೆ ಅವರೇ ಪ್ರಧಾನಿ. ಆಗ ವಿಪ್ ಮೀರಿದ 21 ಜನರನ್ನು ಒಂದೇ ರಾತ್ರಿ ಹೊರಗೆ ಹಾಕಿದರು. ಅವರಲ್ಲಿ 1970ರಿಂದ ಸಂಸದರಾಗಿದ್ದ ಕೆನ್ ಕ್ಲಾರ್ಕ್ ಕೂಡ ಇದ್ದರು. ಮೇ ಅವರ ಒಪ್ಪಂದಕ್ಕೆ ಮೂರು ಸಲವೂ ‘ಹೌದು’ ಅಂದಿದ್ದ ಮನುಷ್ಯ! ಪಕ್ಷನಿಷ್ಠೆ ಅಂದರೆ ಇದೇ ನೋಡಿ. ಕುರ್ಚಿ ಸಿಗುವವರೆಗೆ ಒಂದು ಅರ್ಥ, ಸಿಕ್ಕ ಮೇಲೆ ಇನ್ನೊಂದು.

2024ರಲ್ಲಿ ಪ್ರಧಾನಿಯಾದ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್‌ಗೂ 174 ಸೀಟುಗಳ ಬಹುಮತ ಇತ್ತು. ಗೊಣಗಾಟ ಸಹಿಸಬಹುದಿತ್ತು. ಸರ್ಕಾರ ಬಂದ ತಿಂಗಳೊಳಗೆ, 2024ರ ಜುಲೈ 23ರಂದು, ಏಳು ಲೇಬರ್ ಸಂಸದರ ವಿಪ್ ಆರು ತಿಂಗಳಿಗೆ ಹೋಯಿತು. ಬಡ ಕುಟುಂಬದ ಮೂರನೇ ಮಗುವಿಗೆ ಭತ್ಯೆ ಸಿಗದಂತೆ ಮಾಡಿದ್ದ ನಿಯಮ ತೆಗೆಯಿರಿ ಅಂತ ಓಟು ಹಾಕಿದ್ದೇ ತಪ್ಪು. 2025ರ ನವೆಂಬರ್ ಬಜೆಟ್‌ನಲ್ಲಿ ಅದೇ ಸರ್ಕಾರ ಆ ನಿಯಮವನ್ನು ತೆಗೆಯುವುದಾಗಿ ಹೇಳಿತು.

ಇಷ್ಟಾದರೂ ಅವರ್‍ಯಾರೂ ವಿಪ್ ಮೀರಿದ್ದಕ್ಕೇ ಸೀಟು ಕಳೆದುಕೊಳ್ಳಲಿಲ್ಲ ಅನ್ನುವುದು ನನಗೆ ಹೊಟ್ಟೆಕಿಚ್ಚಿನ ವಿಷಯ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿದವರ ಸದಸ್ಯತ್ವವೇ ಹೋಗಬಹುದು. ಅದರಿಂದ ಪಕ್ಷಾಂತರ ನಿಂತಿತಾ? 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಬೇರೆ ಚಿಹ್ನೆಯಲ್ಲಿ ಗೆದ್ದು ವಾಪಸ್ ಬಂದರು. ಒಳಗಿದ್ದುಕೊಂಡೇ ಒಂದು ಮಸೂದೆಗೆ ‘ಇಲ್ಲ’ ಅನ್ನುವ ಶಾಸಕ ಮಾತ್ರ ಕಾಣೆಯಾದ. ಮಸೂದೆಗಳು ಹೆಚ್ಚಾಗಿ ಧ್ವನಿಮತದಲ್ಲೇ ಪಾಸಾಗುವಾಗ ಯಾರು ಏನಂದರು ಅಂತ ಹುಡುಕುವುದಾದರೂ ಎಲ್ಲಿ?

ಕಾರ್ಬಿನ್ ಕೊನೆಗೆ ವಿಪ್ ಕಳೆದುಕೊಂಡದ್ದು 2020ರಲ್ಲಿ, ಓಟಿಗಾಗಿ ಅಲ್ಲ. ಪಕ್ಷದೊಳಗಿನ ಯಹೂದಿ ದ್ವೇಷದ ಬಗ್ಗೆ ವರದಿ ಬಂದಾಗ, ಸಮಸ್ಯೆಯನ್ನು ವಿರೋಧಿಗಳು ಉಬ್ಬಿಸಿದರು ಅಂತ ಹೇಳಿಕೆ ಕೊಟ್ಟರು. ಅವತ್ತು ಬೇಕಿದ್ದದ್ದು ಕ್ಷಮೆ, ಆ ಮಾತಲ್ಲ. ಈ ವಿಷಯದಲ್ಲಿ ನಾನು ಅವರ ಪರ ಇಲ್ಲ. 2024ರಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ. ತಮ್ಮದೇ ಕ್ಷೇತ್ರ ಇಸ್ಲಿಂಗ್ಟನ್ ನಾರ್ತ್‌ನಲ್ಲಿ ಪಕ್ಷೇತರರಾಗಿ ನಿಂತರು. 1983ರಿಂದ ಅವರು ಎಲ್ಲಿ ‘ಇಲ್ಲ’ ಅಂದರು, ಎಲ್ಲಿ ‘ಹೌದು’ ಅಂದರು ಅನ್ನುವುದೆಲ್ಲ ಅಲ್ಲಿನ ಜನರ ಮುಂದೆ ಇತ್ತು. ದೇಶದಲ್ಲಿ ಲೇಬರ್ 411 ಸೀಟು ಬಾಚಿಕೊಂಡ ದಿನ, ಅಲ್ಲಿ ಮಾತ್ರ ಲೇಬರ್ ಅಭ್ಯರ್ಥಿ 7,247 ಓಟುಗಳಿಂದ ಸೋತರು.