ಬೂಷ್ಟು ಹಿಡಿದ ಚಪ್ಪಲಿ

ಆಷಾಢದಲ್ಲಿ ಒಂದು ವಾರ ಮಳೆ ಬಿಡದೆ ಹೊಡೆದರೆ ಸಾಕು, ತೀರ್ಥಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಕೂದಲು ಹುಟ್ಟುತ್ತದೆ. ಬೆಲ್ಟಿಗೆ, ಪರ್ಸಿಗೆ, ಗೋಡೆಗೆ ಒರಗಿಸಿಟ್ಟ ಮಣೆಗೆ, ಕೊನೆಗೆ ದೇವರ ಪಟದ ಚೌಕಟ್ಟಿಗೂ. ಮೊನ್ನೆ ಮಂಚದಡಿಯಿಂದ ಚರ್ಮದ ಚಪ್ಪಲಿ ಎಳೆದರೆ ಬೆಕ್ಕಿನ ಮರಿಯೇ ಕೈಗೆ ಬಂದಂತಾಯಿತು. ಬೂದು ಬಣ್ಣ, ಅಂಚಿನಲ್ಲಿ ತುಸು ಹಸಿರು, ಊದಿದರೆ ಅಲುಗಾಡುವಷ್ಟು ನವಿರು.

ಒರೆಸಲು ಮನಸ್ಸಾಗಲಿಲ್ಲ. ಕಲಾವಿದೆ ಮೆರೆಟ್ ಓಪನ್‌ಹೈಮ್ ನೆನಪಾದಳು. 1936ರಲ್ಲಿ ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ಪಿಕಾಸೋ ಜೊತೆ ಕುಳಿತಿದ್ದಳಂತೆ; ಇಪ್ಪತ್ತೆರಡರ ವಯಸ್ಸು. ಅವಳ ಕೈಯಲ್ಲಿದ್ದ ತುಪ್ಪಳದ ಬಳೆ ನೋಡಿ ಆತ, ತುಪ್ಪಳವನ್ನು ಯಾವುದಕ್ಕೆ ಬೇಕಾದರೂ ಹೊದಿಸಬಹುದು ಎಂದ. ಈ ಕಪ್ಪಿಗೂ ಬಸಿಗೂ ಹೊದಿಸಬಹುದು ಎಂದಳು ಇವಳು. ನಮ್ಮಲ್ಲಾದರೆ ಆ ಮಾತು ಕಾಫಿಯ ಜೊತೆಗೇ ಮುಗಿಯುತ್ತಿತ್ತು. ಅವಳು ಅಂಗಡಿಯಿಂದ ಕಪ್ಪು, ಬಸಿ, ಚಮಚ ಕೊಂಡು ತಂದು, ಗಸೆಲ್ ಎಂಬ ಜಿಂಕೆಯಂಥ ಪ್ರಾಣಿಯ ತುಪ್ಪಳ ಹೊದಿಸಿಯೇ ಬಿಟ್ಟಳು. ಅದೀಗ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿದೆ.

ಮೊಬೈಲಿನಲ್ಲಿ ಅದರ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಒದ್ದೆ ಕೂದಲು ತುಟಿಗೆ ತಾಗಿದವಳಂತೆ ಮುಖ ಕಿವಿಚಿ, "ಇದನ್ನು ತೊಳೆಯುವವರು ಯಾರು ಮಾರಾಯ?" ಎಂದಳು. ಓಪನ್‌ಹೈಮ್‌ಗೆ ಬೇಕಿದ್ದ ಪ್ರೇಕ್ಷಕಿ ಇವಳೇ ಎಂದು ನನಗನ್ನಿಸಿತು. ಹುರುಪಿನಿಂದ ಮ್ಯಾನ್ ರೇ ಎಂಬ ಕಲಾವಿದ 1921ರಲ್ಲಿ ಮಾಡಿದ ಇಸ್ತ್ರಿ ಪೆಟ್ಟಿಗೆಯನ್ನೂ ತೋರಿಸಿದೆ. ಅದರ ತಳಕ್ಕೆ ಸಾಲಾಗಿ 14 ಮೊಳೆ ಅಂಟಿಸಿದ್ದಾನೆ; ಹೆಸರು 'ಉಡುಗೊರೆ'. ಬಟ್ಟೆಯ ಮೇಲೆ ಆಡಿಸಿದರೆ ಸೀಳಿ ಸಿಗಿಯುತ್ತದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಕಾಯಿ ತುರಿಯಲು ಆದೀತು" ಎಂದಳು. ನಮ್ಮ ಇದ್ದಿಲ ಇಸ್ತ್ರಿ ಪೆಟ್ಟಿಗೆ ಹತ್ತು ವರ್ಷದಿಂದ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ತಡೆದು ಕುಳಿತಿದೆ. ಅದಕ್ಕೆ ಹೆಸರಿಟ್ಟವರಿಲ್ಲ.

ಬಲಗಾಲಿನ ಚಪ್ಪಲಿಯನ್ನು ಒರೆಸಿ, ಎಡಗಾಲಿನದನ್ನು ಹಾಗೆಯೇ ಕಿಟಕಿಯ ಮೇಲಿಟ್ಟೆ. ಇನ್ನೆರಡು ದಿನದಲ್ಲಿ ತುಪ್ಪಳ ಇನ್ನಷ್ಟು ದಟ್ಟವಾದೀತು ಎಂಬ ಆಸೆ. ಬೆಳಗ್ಗೆ ನೋಡಿದರೆ ಇಲ್ಲ. ಅಮ್ಮ ಬೂಷ್ಟನ್ನು ಹಳೆ ಪಂಚೆಯ ತುಂಡಿನಿಂದ ಉಜ್ಜಿ ತೆಗೆದು, ಒಣಗಲೆಂದು ರಾತ್ರಿಯೇ ಬಚ್ಚಲ ಒಲೆಯ ಕಟ್ಟೆಯ ಮೇಲಿಟ್ಟಿದ್ದಳು. ಹಂಡೆಯಡಿಯ ಕೆಂಡದ ಕಾವಿಗೆ ಅದು ಕರಿದ ಹಲಸಿನ ಹಪ್ಪಳದಂತೆ ಮುರುಟಿ, ತುದಿಯೆತ್ತಿ ಕುಳಿತಿತ್ತು. ಈಗ ಅದು ಎಡಗಾಲಿಗೂ ಆಗುವುದಿಲ್ಲ, ಬಲಗಾಲಿಗೂ ಆಗುವುದಿಲ್ಲ.