ಬಡಿಸುವವನಿಲ್ಲದ ಪಂಕ್ತಿ

ಬಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್ ಎಂದರೆ ಮದುವೆಮನೆಯಲ್ಲಿ ಬಡಿಸುವವನಿದ್ದಂತೆ. 8 ಸೆಕೆಂಡಿನೊಳಗೆ ಚೆಂಡನ್ನು ಅರ್ಧ ಅಂಕಣ ದಾಟಿಸಿ, ಯಾರ ಎಲೆ ಬರಿದಾಗಿದೆಯೆಂದು ಸಾಲಿನುದ್ದಕ್ಕೂ ಕಣ್ಣಾಡಿಸಿ, ಬುಟ್ಟಿಗೆಸೆಯಲು ಸಿಗುವ 24 ಸೆಕೆಂಡು ಮುಗಿಯುವಷ್ಟರಲ್ಲಿ ಹಸಿದವನಿಗೆ ಪಾಯಸ ಮುಟ್ಟಿಸಿ, ತನ್ನ ಊಟ ಆಯಿತೋ ಇಲ್ಲವೋ ಎಂಬುದನ್ನೇ ಮರೆಯುವುದು ಸಾಂಪ್ರದಾಯಿಕ ಪಾಯಿಂಟ್ ಗಾರ್ಡ್‌ನ ಧರ್ಮ. ಇಂಥವನೊಬ್ಬನಿಲ್ಲದೆ ತಂಡಕ್ಕೆ ಗತಿಯುಂಟೇ ಎಂದು ಅಮೆರಿಕದ ಟಿ.ವಿ. ಪಂಡಿತರು ವರ್ಷಗಳಿಂದ ತರ್ಕಿಸುತ್ತಿದ್ದಾರೆ. ಆ ತರ್ಕಕ್ಕೆ ಸ್ವಂತ ಖರ್ಚಿನಲ್ಲಿ ಪ್ರಯೋಗಶಾಲೆ ತೆರೆದುಕೊಟ್ಟ ಪುಣ್ಯ ಅಲ್ಲಿನ ವೃತ್ತಿಪರ ಲೀಗಾದ ಎನ್‌ಬಿಎಯ ಫೀನಿಕ್ಸ್ ಸನ್ಸ್ ತಂಡದ್ದು.

2023ರಲ್ಲಿ ಆ ತಂಡ, ಬಡಿಸುವುದರಲ್ಲಿ ಕೈ ಪಳಗಿದ ಹಿರಿಯ ಕ್ರಿಸ್ ಪಾಲ್‌ನನ್ನು ಕೊಟ್ಟು, ಉಣ್ಣುವುದರಲ್ಲಿ, ಎಂದರೆ ಅಂಕ ಗಳಿಸುವುದರಲ್ಲಿ, ಹೆಸರಾದ ಬ್ರಾಡ್ಲಿ ಬೀಲ್‌ನನ್ನು ತಂದಿತು. ಡೆವಿನ್ ಬುಕರ್ ಮತ್ತು ಕೆವಿನ್ ಡ್ಯುರಾಂಟ್ ಅದಾಗಲೇ ಎಲೆ ಹಾಸಿಕೊಂಡು ಕುಳಿತಿದ್ದರು. ಆ ಋತುವಿನಲ್ಲಿ ಅವರಿಬ್ಬರ ಸರಾಸರಿ ಪಂದ್ಯಕ್ಕೆ ತಲಾ 27.1 ಅಂಕ; ಪಂಕ್ತಿಭೇದವೆಂದು ಯಾರೂ ದೂರುವಂತಿರಲಿಲ್ಲ. ಸೌಟು ಹಿಡಿಯುವವರು ಯಾರೆಂಬ ಪ್ರಶ್ನೆ ಎದ್ದಾಗ, ಉಣ್ಣುತ್ತಿದ್ದ ಬುಕರ್‌ನ ಎಡಗೈಗೇ ಅದನ್ನು ಕೊಟ್ಟು ‘ಪಾಯಿಂಟ್ ಬುಕ್’ ಎಂದು ನಾಮಕರಣವೂ ಆಯಿತು. ತಂಡ 49 ಪಂದ್ಯ ಗೆದ್ದಿತು. ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮಿನೆಸೋಟದೆದುರು 4-0ರಿಂದ ಸೋತು ಮನೆಗೆ ಮರಳಿತು.

ತೀರ್ಪು ಬರಲು ತಡವಾಗಲಿಲ್ಲ: ಬಡಿಸುವವನಿಲ್ಲ, ಅದಕ್ಕೇ ಸೋಲು. ಮೂವರನ್ನು ಕೂರಿಸುವ ಭರದಲ್ಲಿ ಉಗ್ರಾಣವೇ ಖಾಲಿಯಾಗಿ, ಬೆಂಚಿನಲ್ಲಿ ಹೇಳಿಕೊಳ್ಳುವಂಥವರು ಉಳಿದಿರಲಿಲ್ಲ ಎಂಬ ಸಂಗತಿಯನ್ನು ಎತ್ತಿದ್ದರೆ ಚರ್ಚೆ ಬೇಗ ಮುಗಿದುಬಿಡುತ್ತಿತ್ತು, ಟಿ.ವಿ.ಗೆ ಅದು ಒಗ್ಗುವುದಿಲ್ಲ. ತರಬೇತುದಾರ ಫ್ರಾಂಕ್ ವೋಗಲ್ ಕೆಲಸ ಕಳೆದುಕೊಂಡರು. ಇದೇ ವೋಗಲ್ 2020ರಲ್ಲಿ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟಾಗ ಸೌಟು ಲೆಬ್ರಾನ್ ಜೇಮ್ಸ್ ಎಂಬ ಆರಡಿ ಒಂಬತ್ತಂಗುಲದ ಫಾರ್ವರ್ಡ್‌ನ ಕೈಯಲ್ಲಿತ್ತು, ಪಂದ್ಯಕ್ಕೆ 10.2 ಅಸಿಸ್ಟ್‌ಗಳೊಂದಿಗೆ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್‌ಗಳೊಂದಿಗೆ) ಆ ವರ್ಷ ಲೀಗಿಗೇ ಮೊದಲಿಗನೂ ಅವನೇ ಆಗಿದ್ದ ಎಂಬುದನ್ನು ಪಂಡಿತರಿಗೆ ನೆನಪಿಸುವ ಅಧಿಕಪ್ರಸಂಗಕ್ಕೆ ಯಾರೂ ಹೋಗಲಿಲ್ಲ.

2024ರ ಬೇಸಿಗೆಯಲ್ಲಿ ಕೊರತೆ ನೀಗಿತು. ಕೈಯಿಂದ ಚೆಂಡು ಜಾರಿಸದವನೆಂದೇ ಹೆಸರಾದ ಟಾಯಸ್ ಜೋನ್ಸ್ ಬಂದ. ಅವನ ಕೈ ಸೋತರೆ ಇರಲಿ ಎಂದು ಮಾಂಟೆ ಮಾರಿಸ್ ಕೂಡ ಬಂದ. ತಂಡದ ಮೋಕ್ಷವೇ ಈ ಹುದ್ದೆಯಲ್ಲಿದೆಯೆಂದು ವರ್ಷವಿಡೀ ಕೇಳಿದ ಮೇಲೂ ಜೋನ್ಸ್‌ಗೆ ದೊರೆತದ್ದು ಅನುಭವಿಗಳಿಗೆ ಲೀಗ್ ಗೊತ್ತುಮಾಡಿದ ಕನಿಷ್ಠ ವೇತನ; ಬೀಲ್‌ಗೆ ಆ ವರ್ಷ ಸುಮಾರು 5 ಕೋಟಿ ಡಾಲರ್. (ಬಡಿಸುವವನ ದಕ್ಷಿಣೆಯ ವಿಷಯದಲ್ಲಿ ಫೀನಿಕ್ಸ್ ಇರುವ ಅರಿಜೋನವೂ ನಮ್ಮ ಕಲ್ಯಾಣಮಂಟಪಗಳಂತೆಯೇ ಎಂದು ತಿಳಿದು ಮನಸ್ಸಿಗೆ ಸಮಾಧಾನವಾಯಿತು.)

ಮೊದಲ 9 ಪಂದ್ಯಗಳಲ್ಲಿ 8 ಗೆಲುವು ಬಂದವು. ನಾವು ಹೇಳಿರಲಿಲ್ಲವೇ ಎಂದು ಪಂಡಿತರು ಶಾಲು ಸರಿಪಡಿಸಿಕೊಂಡರು. ಋತು ಮುಗಿದಾಗ ಲೆಕ್ಕ 36 ಗೆಲುವು, 46 ಸೋಲು. ಬಡಿಸುವವನಿಲ್ಲದ ವರ್ಷ ಒಂದು ಪಂಕ್ತಿಗಾದರೂ ಕುಳಿತು ಎದ್ದಿದ್ದರು. ಇಬ್ಬಿಬ್ಬರು ಬಡಿಸುವವರಿದ್ದ ವರ್ಷ ಪ್ಲೇಆಫ್ ಎಂಬ ಊಟದ ಮನೆಯ ಬಾಗಿಲೇ ತೆರೆಯಲಿಲ್ಲ. ಜೋನ್ಸ್ ನಡುವೆಯೇ ಮೊದಲೈವರ ಸಾಲಿನಿಂದ ಬೆಂಚಿಗೆ ಸರಿದಿದ್ದ, ಹೊಸ ತರಬೇತುದಾರ ಮೈಕ್ ಬುಡನ್‌ಹೋಲ್ಜರ್ ಕೂಡ ಮನೆಗೆ ನಡೆದರು. ಸಿದ್ಧಾಂತಕ್ಕೆ ಮಾತ್ರ ಒಂದು ಗೀರೂ ಬೀಳಲಿಲ್ಲ, ಏಕೆಂದರೆ ಜೋನ್ಸ್ ಕುಳ್ಳ, ಎದುರಾಳಿಯನ್ನು ತಡೆಯಲಾರ, ಬೇಕಾಗಿದ್ದದ್ದು ಇಂಥ ಸಾಂಪ್ರದಾಯಿಕನಲ್ಲ, ಬೇರೆ ಬಗೆಯ ಸಾಂಪ್ರದಾಯಿಕ ಎಂಬ ತಿದ್ದುಪಡಿ ಅಷ್ಟರಲ್ಲಿ ಸಿದ್ಧವಾಗಿತ್ತು.

15,806 ಅಸಿಸ್ಟ್‌ಗಳ ದಾಖಲೆ ಬರೆದ ಸಾಂಪ್ರದಾಯಿಕ ಪಾಯಿಂಟ್ ಗಾರ್ಡ್ ಜಾನ್ ಸ್ಟಾಕ್ಟನ್‌ಗೆ ಒಂದು ಪ್ರಶಸ್ತಿಯೂ ದಕ್ಕಲಿಲ್ಲ. 1997 ಮತ್ತು 1998ರ ಫೈನಲ್‌ಗಳಲ್ಲಿ ಅವನ ಯೂಟಾ ತಂಡವನ್ನು ಸೋಲಿಸಿದ ಶಿಕಾಗೊ ‘ಟ್ರಯಾಂಗಲ್’ ಪದ್ಧತಿಯಲ್ಲಿ ಆಡುತ್ತಿತ್ತು. ಅಲ್ಲಿ ಪಾತ್ರೆ ಎಲ್ಲರ ಕೈಗೂ ಬರುತ್ತಿತ್ತು, ಬಡಿಸುವವನೆಂಬ ಪ್ರತ್ಯೇಕ ಜಾತಿಯೇ ಇರಲಿಲ್ಲ. ಆದರೆ ಇದು ಚರಿತ್ರೆ. ಚರಿತ್ರೆಗೆ ಜಾಹೀರಾತುದಾರರು ಸಿಗುವುದಿಲ್ಲ.

2025ರಲ್ಲಿ ಫೀನಿಕ್ಸ್ ತಂಡ ಬೀಲ್‌ಗೆ ದುಡ್ಡು ಕೊಟ್ಟು ಎಲೆಯಿಂದ ಎಬ್ಬಿಸಿ ಕಳುಹಿಸಿತು, ಸೌಟನ್ನು ಮತ್ತೆ ಬುಕರ್‌ಗೇ ಒಪ್ಪಿಸಿತು, ಡ್ಯುರಾಂಟ್‌ನನ್ನು ಹ್ಯೂಸ್ಟನ್‌ಗೆ ಸಾಗಿಸಿತು. ಅಲ್ಲಿ ಫ್ರೆಡ್ ವ್ಯಾನ್‌ವ್ಲೀಟ್ ಎಂಬ ಅಪ್ಪಟ ಪಾಯಿಂಟ್ ಗಾರ್ಡ್ ಇದ್ದ. ಋತು ಆರಂಭವಾಗುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ಅವನ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಡ್ಯುರಾಂಟ್ ಎಲೆ ಹಾಸಿಕೊಂಡು ಕುಳಿತ. ಪಂಡಿತರು ಮೈಕು ಸರಿಮಾಡಿಕೊಂಡು, ಬಡಿಸುವವರು ಯಾರು ಎಂದು ಮೊದಲಿನಿಂದ ಆರಂಭಿಸಿದರು.