ಹಳೆ ಯುದ್ಧನೌಕೆ ಅಂದ್ರ ಅಗ್ಗ ಅಲ್ಲ

ಹಳೆ ಹಡಗಿಗೆ ಹೊಸ ಕ್ಷಿಪಣಿ ಕೂರಿಸಿದರೆ ಸಣ್ಣ ನೌಕಾಪಡೆಗೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಅಷ್ಟು ಸಲೀಸಲ್ಲರೀ. ಮೇಲಿನ ಡೆಕ್ಕಿಗೆ ತೂಕ ಏರಿಸಿದಷ್ಟೂ ಹಡಗಿನ ಗುರುತ್ವಕೇಂದ್ರ ಮೇಲೇರುತ್ತದೆ, ಸ್ಥಿರತೆ ಕುಗ್ಗುತ್ತದೆ. ಹಾಗಾಗಿ ಗೊತ್ತಿರುವ ತೂಕವನ್ನು ಡೆಕ್ಕಿನ ಮೇಲೆ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸಿ, ತೂಗುಗುಂಡು ಬಿಟ್ಟು, ಎಷ್ಟು ವಾಲಿತು ಎಂದು ಅಳೆಯಲೇಬೇಕು. ಸ್ಥಿರತೆ ಕಡಿಮೆ ಬಿದ್ದರೆ ತಳದಲ್ಲಿ ಭಾರ ತುಂಬಬೇಕು, ವೇಗ ಹೋಯ್ತು.

ದೊಡ್ಡ ಪಾಠ ರಷ್ಯಾದಿಂದ ಹಳೆಯದನ್ನು ಪಡೆದು ನವೀಕರಿಸಿದ ನಮ್ಮ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ್ದೇ. ನವೀಕರಣದ ವೆಚ್ಚ 2004ರಲ್ಲಿ ಸುಮಾರು 97 ಕೋಟಿ ಡಾಲರ್ ಇದ್ದದ್ದು 235 ಕೋಟಿಗೆ ಮುಟ್ಟಿತು. ಬಿಚ್ಚಿ ನೋಡುವ ತನಕ ಎಷ್ಟು ಕೇಬಲ್, ಎಷ್ಟು ತಗಡು ಬದಲಿಸಬೇಕೆಂದು ಗೊತ್ತಾಗುವುದಿಲ್ಲ. 2012ರ ಪರೀಕ್ಷೆಯಲ್ಲಿ ಪೂರ್ಣ ಶಕ್ತಿಗೆ ಹೋದಾಗ ಉಗಿ ತಯಾರಿಸುವ 8 ಬಾಯ್ಲರುಗಳಲ್ಲಿ 7 ಕೈಕೊಟ್ಟವು. ಬಾಯ್ಲರಿನೊಳಗೆ ಆಸ್ಬೆಸ್ಟಾಸ್ ಬೇಡವೆಂದು ಭಾರತ ಹೇಳಿದ್ದಕ್ಕೆ ಬೆಂಕಿ ತಾಳುವ ಇಟ್ಟಿಗೆ, ಅಂದರೆ ಫೈರ್‌ಬ್ರಿಕ್ ಕಟ್ಟಿದ್ದರು, ಅದು ಶಾಖ ತಡೆಯಲಿಲ್ಲ. ಫೈರ್‌ಬ್ರಿಕ್ ಅಂದ್ರೆ ಏನು ಅಂತ ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವರಿಗೆ ಹೇಳಬೇಕಿಲ್ಲ: ಸರಿಯಾಗಿ ಒಣಗಿಸದೆ ಒಮ್ಮೆಲೇ ಕಾಯಿಸಿದರೆ ಬಿರುಕು ಖಾತ್ರಿ. ಕುಲುಮೆಯಾದರೆ ಒಂದು ದಿನ ನಿಲ್ಲಿಸಿ ಮತ್ತೆ ಕಟ್ಟಬಹುದು. ಹಡಗಿನಲ್ಲಿ ಅದು ಅಷ್ಟು ಸುಲಭವಲ್ಲ; ಹಸ್ತಾಂತರವಾಗಿದ್ದು 2013ರ ನವೆಂಬರಿನಲ್ಲಿ.

ಬಾಂಗ್ಲಾ, ಫಿಲಿಪ್ಪೀನ್ಸ್ ತಗೊಂಡ ಅಮೆರಿಕದ ಕರಾವಳಿ ಪಡೆಯ ಹಳೆ ಹ್ಯಾಮಿಲ್ಟನ್ ಮಾದರಿಯ ಹಡಗುಗಳಲ್ಲಿ ಉಗಿಯ ಗೋಜಿಲ್ಲ, ಡೀಸೆಲ್ ಮತ್ತು ಗ್ಯಾಸ್ ಟರ್ಬೈನ್. ಆದರೆ ಎಂಜಿನ್‌ಗಳು 1960ರ ದಶಕದ ವಿನ್ಯಾಸದವು, ಬಿಡಿಭಾಗ ಹುಡುಕೋದೇ ತಲೆನೋವು.